ದೂರದ ಯುದ್ಧ, ಕಾರವಾರದ ಬಂದರು

ಇತಿಹಾಸದ ತರಗತಿಯಲ್ಲಿ ಅಮೆರಿಕದ ಅಂತರ್ಯುದ್ಧದ ಮಾತು ಬಂದಾಗ "ಅದಕ್ಕೂ ನಮಗೂ ಏನು ಸಂಬಂಧ ಸರ್?" ಎಂದು ಮಕ್ಕಳು ಕೇಳುವುದುಂಟು. ಸಂಬಂಧವಿದೆ. ಅದನ್ನು ಕಾಣಲು ಕಾರವಾರದ ಬಂದರಿನತ್ತ ನೋಡಿದರೆ ಸಾಕು.

1861ರಲ್ಲಿ ಆ ಯುದ್ಧ ಶುರುವಾಗಿ, ದಕ್ಷಿಣ ಸಂಸ್ಥಾನಗಳ ಬಂದರುಗಳಿಗೆ ಉತ್ತರದವರ ನೌಕಾಪಡೆ ದಿಗ್ಬಂಧನ ಹಾಕಿತು. ಇಂಗ್ಲೆಂಡಿನ ಗಿರಣಿಗಳ ಹತ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಅಲ್ಲಿಂದಲೇ ಬರುತ್ತಿತ್ತು. ಅದು ನಿಂತು ಲ್ಯಾಂಕಶೈರಿನ ಲಕ್ಷಾಂತರ ಕೂಲಿಕಾರರು ಉಪವಾಸ ಬಿದ್ದರು. ಆದರೆ ಹತ್ತಿಯನ್ನು ದಾಸ್ತಾನು ಮಾಡಿಟ್ಟಿದ್ದ ವರ್ತಕರಿಗೆ ಬೆಲೆ ಏರಿ ಕೈತುಂಬ ಲಾಭವಾಯಿತು.

ಮ್ಯಾಂಚೆಸ್ಟರಿನ ಉದ್ಯಮಿಗಳ ಕಣ್ಣು ಅದಕ್ಕೂ ಮೊದಲೇ ಧಾರವಾಡದ ಎರೆಭೂಮಿಯ ಮೇಲೆ ಬಿದ್ದಿತ್ತು. 1857ರಲ್ಲಿ ಅವರು ಕಾಟನ್ ಸಪ್ಲೈ ಅಸೋಸಿಯೇಷನ್ ಕಟ್ಟಿಕೊಂಡಿದ್ದರು. ತಮ್ಮದೇ ಪತ್ರಿಕೆಯನ್ನೂ ಹೊರಡಿಸುತ್ತಿದ್ದರು. ರಸ್ತೆ, ಬಂದರು ಆದರೆ ಭಾರತದ ರೈತನ ಉದ್ಧಾರ ಎಂಬುದು ಅವರ ವಾದ. ಯುದ್ಧ ಆ ವಾದಕ್ಕೆ ಬಲವನ್ನೂ ಅವಸರವನ್ನೂ ತಂದಿತು. ಘಟ್ಟ ಇಳಿದು ಹತ್ತಿ ಸಾಗಿಸಲು ಸದಾಶಿವಗಡ–ಕಾರವಾರವೇ ಸೂಕ್ತ ರೇವು ಎಂದು ಸರಕಾರದ ಮೇಲೆ ಒತ್ತಡ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಇಲ್ಲಿಯ ಜನರನ್ನು ಯಾರೂ ಕೇಳಲಿಲ್ಲ. ಕಾಮಗಾರಿಯ ಹಣ ಮ್ಯಾಂಚೆಸ್ಟರಿನದಲ್ಲ, ಭಾರತದ ಖಜಾನೆಯದು. ಅಂದರೆ ರೈತ ಕೊಟ್ಟ ಕಂದಾಯ, ಬಡವ ಕೊಟ್ಟ ಉಪ್ಪಿನ ಕರ.

ಉಳ್ಳವರ ಮಾತಿಗೆ ಎಲ್ಲರೂ ತಲೆದೂಗಲಿಲ್ಲ ಎಂಬುದನ್ನೂ ಹೇಳಬೇಕು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡುತ್ತಿದ್ದ ದಕ್ಷಿಣದ ಪಕ್ಷ ವಹಿಸಿದರೆ ಹತ್ತಿ ಬರುತ್ತದೆ ಎಂದು ಇಂಗ್ಲೆಂಡಿನಲ್ಲಿ ಅನೇಕ ಪ್ರಬಲರು ಹೇಳುತ್ತಿದ್ದರು. ಆದರೂ 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನಲ್ಲಿ ಸಭೆ ಸೇರಿದ ಕಾರ್ಮಿಕರು ಲಿಂಕನ್ನರಿಗೆ ಬೆಂಬಲದ ಪತ್ರ ಬರೆದರು. ಮುಂದಿನ ತಿಂಗಳು ಲಿಂಕನ್ನರು ಕೃತಜ್ಞತೆಯಿಂದ ಉತ್ತರಿಸಿದರು.

1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು. ಮುಂಬಯಿಯ ಷೇರುಪೇಟೆ ಮುಗ್ಗರಿಸಿ ಬ್ಯಾಂಕುಗಳು ಮುಳುಗಿದವು. ಕಾರವಾರಕ್ಕೆ ರೈಲು ತರುವ ಯೋಚನೆ ನಿಂತುಹೋಯಿತು. 1880ರ ದಶಕದಲ್ಲಿ ಹಳಿ ಹೋದದ್ದು ಗೋವೆಯ ಮರ್ಮಗೋವೆಗೆ. ನಮ್ಮೂರಿಗೆ ರೈಲು ಬರಲು 1990ರ ದಶಕದ ಕೊಂಕಣ ರೈಲ್ವೆಯವರೆಗೆ ಕಾಯಬೇಕಾಯಿತು.

ರಸ್ತೆ, ಬಂದರುಗಳಿಂದ ನಮಗೇನೂ ಉಪಯೋಗವಾಗಲಿಲ್ಲವೆಂದು ನಾನು ಹೇಳುತ್ತಿಲ್ಲ. ಅವನ್ನು ಕಟ್ಟಿದ್ದು ನಮಗಾಗಿ ಅಲ್ಲ, ಕಟ್ಟುವಾಗ ಮಾತ್ರ ನಮಗಾಗಿ ಎಂದೇ ಹೇಳಿದ್ದರು. ಇಂದು ಟಿ.ವಿ.ಯಲ್ಲೋ ಮೊಬೈಲಿನಲ್ಲೋ ಯುದ್ಧದ ಸುದ್ದಿ ಬಂದಾಗ ನಮ್ಮ ವಿದ್ಯಾರ್ಥಿಗಳು ಮೂರು ಪ್ರಶ್ನೆ ಕೇಳಿಕೊಳ್ಳಲಿ: ಈ ಮಾತು ಹೇಳುತ್ತಿರುವವರು ಯಾರು? ಇದರಿಂದ ಲಾಭ ಯಾರಿಗೆ? ಖರ್ಚು ಯಾರ ತಲೆಯ ಮೇಲೆ? ಐವತ್ತು ವರ್ಷಗಳಲ್ಲಿ ಈ ಶಾಲೆ ಅಕ್ಷರ ಕಲಿಸಿದ್ದು ಇಂಥ ಪ್ರಶ್ನೆ ಕೇಳಲಿಕ್ಕೇ ಎಂದು ನಾನು ನಂಬಿದ್ದೇನೆ.