ಮಾಜಿ ಸೈನಿಕರ ಅಪ್ರೆಂಟಿಸ್ ತರಬೇತಿ (ಅಮೆರಿಕ)

ಸೇನಾ ಸೇವೆಯಿಂದ ಅರ್ಧಕ್ಕೆ ನಿಂತ ಕಸುಬಿನ ಕಲಿಕೆಯನ್ನು ಮಾಜಿ ಸೈನಿಕರು ಪೂರ್ಣಗೊಳಿಸಲು ಅಮೆರಿಕದಲ್ಲಿ ರೂಪುಗೊಂಡ ವ್ಯವಸ್ಥೆ. ಅಪ್ರೆಂಟಿಸ್‌ಗಳ ಹಿತ ಕಾಯುವ ಮಾನದಂಡಗಳಿಗೆ 1937ರ ಫಿಟ್ಜೆರಾಲ್ಡ್ ಕಾಯಿದೆ ಅಡಿಪಾಯ ಹಾಕಿತ್ತು. 1940ರ ಸೆಪ್ಟೆಂಬರಿನಲ್ಲಿ ಕಡ್ಡಾಯ ಸೈನಿಕ ಸೇವೆ ಜಾರಿಗೆ ಬಂತು. 1942ರಲ್ಲಿ ಕರೆಯ ವಯಸ್ಸು 18ಕ್ಕೆ ಇಳಿದಾಗ ಕಸುಬು ಕಲಿಯುವ ವಯಸ್ಸೇ ಸೈನ್ಯದ ಪಾಲಾಯಿತು.

ಅಧ್ಯಕ್ಷ ರೂಸ್‌ವೆಲ್ಟ್ 1944ರ ಜೂನ್ 22ರಂದು ಸಹಿ ಹಾಕಿದ, ಮಾಜಿ ಸೈನಿಕರ ನೆರವಿನ ಕಾಯಿದೆ 'ಜಿಐ ಬಿಲ್' ಎಂದೇ ಹೆಸರಾಗಿದೆ. ಸೇನೆಗೆ ಸೇರುವಾಗ 25 ವರ್ಷ ದಾಟಿರದವರ ಕಲಿಕೆ ಯುದ್ಧದಿಂದಲೇ ನಿಂತಿತೆಂದು ಅದು ಭಾವಿಸಿಕೊಂಡಿತು. ಅವರಿಂದ ಪುರಾವೆ ಕೇಳಲಿಲ್ಲ. ಮನೆಗೆ ಮರಳಿದ ಹುಡುಗರ ಮಟ್ಟಿಗೆ ಇದು ಬಹಳ ಉದಾರವಾದ ನಿಲುವು. 1945ರ ಡಿಸೆಂಬರಿನಲ್ಲಿ ಈ ವಯೋಮಿತಿಯೂ ಹೋಯಿತು. ಕಲಿಯುವವನಿಗೆ ಮಾಲೀಕ ಕೂಲಿ ಕೊಡುತ್ತಿದ್ದ, ಅದರ ಮೇಲೆ ಸರ್ಕಾರ ತಿಂಗಳಿಗೆ 65 ಡಾಲರ್, ಅವಲಂಬಿತರಿದ್ದರೆ 90 ಡಾಲರ್ ಭತ್ಯೆ ಸೇರಿಸುತ್ತಿತ್ತು. ಸರಳ ಕೆಲಸಗಳಿಗೂ 'ತರಬೇತಿ' ಎಂದು ಹೆಸರಿಟ್ಟು ಈ ಹಣದ ಲಾಭ ಪಡೆದವರಿದ್ದರು. ಹಾಗಾಗಿ 1946ರಲ್ಲಿ ಕೂಲಿ ಮತ್ತು ಭತ್ಯೆಯ ಒಟ್ಟು ಮೊತ್ತಕ್ಕೆ ಮಿತಿ ಬಿತ್ತು, ಕೆಲಸದ ಸ್ಥಳದ ತರಬೇತಿ ಎರಡು ವರ್ಷ ಮೀರಬಾರದೆಂಬ ನಿಯಮ ಬಂತು. ನಿಜವಾದ ಅಪ್ರೆಂಟಿಸ್‌ಗಳಿಗೆ ಮಾತ್ರ ಈ ಎರಡು ವರ್ಷದ ಗಡುವಿನಿಂದ ವಿನಾಯಿತಿ ಸಿಕ್ಕಿತು. 1956ರ ಹೊತ್ತಿಗೆ ಜಿಐ ಬಿಲ್‌ನಡಿ ಕಲಿತ ಸುಮಾರು 78 ಲಕ್ಷ ಜನರಲ್ಲಿ 14 ಲಕ್ಷದಷ್ಟು ಮಂದಿ ಕಲಿತದ್ದು ಕೆಲಸದ ಸ್ಥಳದಲ್ಲೇ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಸೈನಿಕರಿಗೆ ಈ ಬಾಗಿಲು ಬಹುಮಟ್ಟಿಗೆ ಮುಚ್ಚಿಯೇ ಇತ್ತು. ಯೋಜನೆಯ ಯಶಸ್ಸನ್ನು ಹೇಳುವಾಗ ಈ ಅನ್ಯಾಯವನ್ನು ಬಿಟ್ಟು ಹೇಳಲಾಗದು.

ಭತ್ಯೆಯಿಂದ ತುಂಬಿಕೊಳ್ಳಲಾಗದ ನಷ್ಟವೊಂದಿತ್ತು: ಸೇವಾ ಜ್ಯೇಷ್ಠತೆ. ಕೆಲಸಗಾರರನ್ನು ಕಡಿತ ಮಾಡುವಾಗ ಮೊದಲು ಹೊರಬೀಳುವವನು ಜ್ಯೇಷ್ಠತೆಯ ಪಟ್ಟಿಯ ಕೊನೆಯವನು. ಸೈನಿಕ ದೂರವಿದ್ದಾಗ ಅವನ ಹಿಂದಿದ್ದವರು ತರಬೇತಿ ಮುಗಿಸಿ ಮುಂದೆ ಹೋಗಿರುತ್ತಿದ್ದರು. ಸೈನಿಕ ಕೆಲಸ ಬಿಡದೇ ಇದ್ದಿದ್ದರೆ ತಲುಪಿರುತ್ತಿದ್ದ ಸ್ಥಾನಕ್ಕೇ ಮರಳಬೇಕೆಂಬ ತತ್ವವನ್ನು ಸುಪ್ರೀಂ ಕೋರ್ಟ್ 1946ರ ಫಿಶ್‌ಗೋಲ್ಡ್ ಪ್ರಕರಣದಲ್ಲಿ ನಿರೂಪಿಸಿತು. ಆದರೆ ಕಲಿಕೆಯೇ ಮುಗಿದಿರದಿದ್ದರೆ? ಈ ಪ್ರಶ್ನೆ 1964ರ ಟಿಲ್ಟನ್ ಪ್ರಕರಣದಲ್ಲಿ ಎದುರಾಯಿತು. ಮಿಸೌರಿ ಪೆಸಿಫಿಕ್ ರೈಲ್ವೆಯಲ್ಲಿ ಬೋಗಿ ದುರಸ್ತಿಯ ಸಹಾಯಕರು ಪೂರ್ಣ ಕಸುಬುದಾರರಾಗಲು 1,040 ದಿನ ದುಡಿಯಬೇಕಿತ್ತು. ನಡುವೆ ಸೇನೆಗೆ ಹೋಗಿ ಬಂದವರು ಉಳಿದ ದಿನಗಳನ್ನು ದುಡಿದು ಮುಗಿಸಿದರು. ಕಂಪನಿ ಅವರ ಜ್ಯೇಷ್ಠತೆಯನ್ನು ಹೀಗೆ ಮುಗಿಸಿದ ದಿನದಿಂದಷ್ಟೇ ಎಣಿಸಿತು. ನ್ಯಾಯಾಲಯ ಇದನ್ನು ಒಪ್ಪಲಿಲ್ಲ: ಮರಳಿದ ಮೇಲೆ ಸೈನಿಕನು ತನ್ನ ತರಬೇತಿ ಮುಗಿಸಲೇಬೇಕು, ಮುಗಿಸಿದ ಮೇಲೆ ಸೇನೆಗೆ ಹೋಗದಿದ್ದರೆ ಅದು ಯಾವ ದಿನ ಮುಗಿಯುತ್ತಿತ್ತೋ ಆ ದಿನದಿಂದಲೇ ಜ್ಯೇಷ್ಠತೆ ಲೆಕ್ಕಕ್ಕೆ ಬರಬೇಕು ಎಂದು ತೀರ್ಪು ಕೊಟ್ಟಿತು.