ದಕ್ಕೆಯಲ್ಲಿ ಹುಟ್ಟಿದ ಉದ್ಯೋಗ

ಸೀತಾ ಮತ್ತು ಸ್ವರ್ಣಾ ನದಿಗಳು ಕಡಲು ಸೇರುವ ಅಳಿವೆಯಲ್ಲಿ ಹಂಗಾರಕಟ್ಟೆ ಇದೆ. ಎದುರಿಗೆ ಕೋಡಿಬೇಂಗ್ರೆ. ಸಿಹಿನೀರು, ಉಪ್ಪುನೀರು ಬೆರೆಯುವ ಇಂಥ ಕಡೆ ಕಾಂಡ್ಲಗಿಡಗಳ ಬೇರಿನ ಮರೆಯಲ್ಲಿ ಸಿಗಡಿ ಮತ್ತು ಮೀನಿನ ಮರಿಗಳು ಬೆಳೆಯುತ್ತವೆ. ಇಂಥ ಊರಿನ ವಿದ್ಯಾರ್ಥಿಯೊಬ್ಬರು, "ಕಡಲನ್ನು ಕಾಪಾಡುವುದೇ ನನ್ನ ಉದ್ಯೋಗವಾಗಬೇಕು" ಎಂದರೆ ನಾವು ಯಾವ ದಾರಿ ತೋರಿಸಬೇಕು? ಅದಕ್ಕೆ ಮೊದಲು ಆ ಉದ್ಯೋಗ ನಮ್ಮ ಕರಾವಳಿಯಲ್ಲಿ ಹೇಗೆ ಹುಟ್ಟಿತು ಎಂಬುದನ್ನು ತಿಳಿಯೋಣ.

ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದಲ್ಲಿತ್ತು. 1907ರಲ್ಲಿ ಫ್ರೆಡರಿಕ್ ನಿಕಲ್ಸನ್ ಅವರ ನೇತೃತ್ವದಲ್ಲಿ ಆ ಪ್ರಾಂತ್ಯದ ಮೀನುಗಾರಿಕಾ ಇಲಾಖೆಗೆ ಬುನಾದಿ ಬಿತ್ತು. ಇಲಾಖೆಯನ್ನು ಬಹುವಾಗಿ ಕಾಡಿದ ಮೀನು ಬೂತಾಯಿ, ಅಂದರೆ ಕುಂದಾಪುರದ ಕಡೆಯವರ ಬೈಗೆ. ಒಂದು ವರ್ಷ ರಾಶಿ ರಾಶಿ, ಮತ್ತೊಂದು ವರ್ಷ ಬರಿಗೈ. 1943ರಲ್ಲಿ ಮದರಾಸು ಸರಕಾರ ಬೂತಾಯಿ ಹಿಡಿಯುವುದರ ಮೇಲೆ ನಿರ್ಬಂಧ ಹಾಕಿತು. ಆದರೆ ನಿರ್ಬಂಧದಿಂದ ಮೀನು ಹೆಚ್ಚಿತೇ ಎಂದು ಹೇಳಲು ವರ್ಷ ವರ್ಷದ ಲೆಕ್ಕ ಬೇಕಲ್ಲವೇ?

ಆ ಲೆಕ್ಕದ ಹೊಣೆ ಹೊತ್ತದ್ದು 1947ರಲ್ಲಿ ಆರಂಭವಾದ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ. ಮುಂದೆ ಮಂಗಳೂರು, ಕಾರವಾರಗಳಲ್ಲೂ ಅದರ ಕೇಂದ್ರಗಳಾದವು. ಪ್ರತಿಯೊಂದು ದೋಣಿಯ ಮೀನನ್ನೂ ತೂಗುವುದು ಅಸಾಧ್ಯ. ಹಾಗಾಗಿ ಕೆಲವು ದಕ್ಕೆಗಳನ್ನು, ಕೆಲವು ದಿನಗಳನ್ನು ಆರಿಸಿ, ಅಲ್ಲಿನ ಕೆಲವು ದೋಣಿಗಳ ಮೀನನ್ನು ಎಣಿಸಿ ಒಟ್ಟು ಲೆಕ್ಕ ಹಾಕುತ್ತಾರೆ. ಒಂದಗುಳು ಹಿಚುಕಿ ಅನ್ನ ಬೆಂದಿತೇ ಎಂದು ನೋಡಿದ ಹಾಗೆ. ಆದರೆ ಆ ಅಗುಳನ್ನು ನಮ್ಮ ಇಷ್ಟದಂತೆ ಹೆಕ್ಕುವಂತಿಲ್ಲ, ಚೀಟಿ ಎತ್ತಿದಂತೆ ಆರಿಸಬೇಕು.

1969ರಲ್ಲಿ ಮಂಗಳೂರಿನಲ್ಲಿ ದೇಶದ ಮೊದಲ ಮೀನುಗಾರಿಕಾ ಕಾಲೇಜು ತೆರೆಯಿತು. ಕಡಲನ್ನು ಓದಿದವರು ಊರಿನಲ್ಲೇ ತಯಾರಾಗತೊಡಗಿದರು. ಕಠಿಣ ಪರೀಕ್ಷೆಯೂ ಆಗಲೇ ಬಂತು. ರಂಪಣಿ ನಮ್ಮ ಕರಾವಳಿಯ ಹಳೆಯ ದೊಡ್ಡ ಬಲೆ. ಹತ್ತಾರು ಮನೆಗಳ ಪಾಲಿನ ತುಂಡುಗಳನ್ನು ಕೂಡಿಸಿದ ಅದನ್ನು ಊರವರೆಲ್ಲ ಸೇರಿ ದಡಕ್ಕೆ ಎಳೆಯುತ್ತಿದ್ದರು. ಬಂಗುಡೆ, ಬೂತಾಯಿ ದಡದ ಹತ್ತಿರ ಬಂದರೆ ಮಾತ್ರ ಅದಕ್ಕೆ ಮೀನು. 1970ರ ದಶಕದ ಉತ್ತರಾರ್ಧದಲ್ಲಿ ಬಂದ ಪರ್ಸೀನ್ ದೋಣಿಗಳು ಮೀನಿನ ಹಿಂಡನ್ನು ಕಡಲಿನಲ್ಲೇ ಸುತ್ತುವರಿದವು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು, ಅದನ್ನು ನಂಬಿದ ಮನೆಗಳು ಕಂಗಾಲಾದವು. ದಡದ ಹತ್ತಿರದ ನೀರನ್ನು ನಾಡದೋಣಿಗಳಿಗೆ ಮೀಸಲಿಡುವ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯಿದೆ ಬಂದದ್ದು 1986ರಲ್ಲಿ. ಬಲೆ ಮೊದಲು ಬಂತು, ಕಾನೂನು ನಂತರ ಬಂತು. ನಡುವಿನ ಹತ್ತು ವರ್ಷದ ಬೆಲೆಯನ್ನು ತೆತ್ತವರು ರಂಪಣಿಯವರು.

ಈ ಅಂತರವನ್ನು ಕಡಮೆ ಮಾಡುವುದೇ ಕಡಲ ಸಂರಕ್ಷಕರ ಕೆಲಸ. ದಕ್ಕೆಯಲ್ಲಿ ಮೀನಿನ ಉದ್ದ ಅಳೆದು, ಹೊಟ್ಟೆ ಸೀಳಿ ಮೊಟ್ಟೆ ಬಲಿತಿದೆಯೇ ಎಂದು ಸಾವಿರಾರು ಬಾರಿ ನೋಡಿದ ಮೇಲೆಯೇ, ಎಷ್ಟುದ್ದದ ಮೀನನ್ನು ಬಿಟ್ಟುಬಿಡಬೇಕು ಎಂದು ಹೇಳಲು ಸಾಧ್ಯ. 2015ರಲ್ಲಿ ಕೇರಳ ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್ ಕನಿಷ್ಠ ಉದ್ದವೆಂದು ನಿಗದಿ ಮಾಡಿದ್ದು ಇಂಥ ಅಳತೆಗಳ ಬಲದಿಂದ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯದಿರುವ 61 ದಿನಗಳ ನಿಷೇಧದ ಹಿಂದೆಯೂ ಮೀನು ಮೊಟ್ಟೆಯಿಡುವ ಕಾಲದ ವಿಚಾರವಿದೆ. ಕುಂದಾಪುರದ ಕಡಲತೀರದಲ್ಲಿ ಆಲಿವ್ ರಿಡ್ಲೆ ಆಮೆಯ ಗೂಡನ್ನು ಕಾಯುವುದೂ ಇದೇ ಉದ್ಯೋಗದ ಇನ್ನೊಂದು ಮುಖ. ಅಲ್ಲಿಯೂ ಗೂಡು ಎಲ್ಲಿದೆಯೆಂದು ಮೊದಲು ತಿಳಿಯುವವರು ಮೀನುಗಾರರೇ.

ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಓದಿದವರಿಗೆ ಮಂಗಳೂರಿನ ಕಾಲೇಜಿನಲ್ಲಿ ನಾಲ್ಕು ವರ್ಷಗಳ ಬಿ.ಎಫ್.ಎಸ್ಸಿ. ಪದವಿ ಇದೆ. ಬಿ.ಎಸ್ಸಿ. ಮುಗಿಸಿದವರಿಗೆ ಕಾರವಾರದಲ್ಲಿ ಸಾಗರ ಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗವಿದೆ. ಸಂಖ್ಯಾಶಾಸ್ತ್ರ, ಕಾನೂನು ಬಲ್ಲವರಿಗೂ ಇಲ್ಲಿ ಕೆಲಸವಿದೆ. ಆದರೆ ಪದವಿಗಾಗಿ ಕಾಯಬೇಕಾಗಿಲ್ಲ. ಒಂದು ನೋಟ್ ಪುಸ್ತಕ, ಒಂದು ಅಳತೆಪಟ್ಟಿ ಹಿಡಿದು ಬೆಳಗ್ಗೆ ನಿಮ್ಮೂರಿನ ದಕ್ಕೆಗೆ ಹೋಗಿ. ಯಾವ ಮೀನು, ಎಷ್ಟುದ್ದ, ಯಾವ ಬಲೆ ಎಂದು ಬರೆದಿಡಿ. ಮೀನು ಹಿಡಿದವರನ್ನು ಕೇಳಿ ತಿಳಿದುಕೊಳ್ಳಿ. ಅವರು ನಂಬದ ಲೆಕ್ಕದಿಂದ ಕಡಲು ಉಳಿಯದು.