ಪುರದ ಸಗಣಿ ಕರೆಂಟು

ಮಾಟುಂಗ ಅಂದರೆ ನಮ್ಮ ಮುಂಬಯಿ ಕನ್ನಡಿಗರಿಗೆ ಮೈಸೂರು ಅಸೋಸಿಯೇಶನ್ನು, ಫಿಲ್ಟರ್ ಕಾಫಿ, ಮಾರ್ಕೆಟ್ಟಿನ ಬಾಳೆ ಎಲೆ. ಗೋಬರ್ ಗ್ಯಾಸಿನ ಚರಿತ್ರೆ ಬರೆಯುವವರೂ ಮೊದಲು ಬಂದು ನಿಲ್ಲುವುದು ಇಲ್ಲೇ ಅನ್ನುವುದು ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ. ಇಲ್ಲಿದ್ದ ಕುಷ್ಠರೋಗಿಗಳ ಆಶ್ರಮದ ಮಲದ ತೊಟ್ಟಿಗಳಿಂದ 1897ರಲ್ಲಿ ಗ್ಯಾಸು ಹಿಡಿದು ಎಂಜಿನ್ ಓಡಿಸಿದ್ದರು ಎಂದು ಹಳೆಯ ಪುಸ್ತಕಗಳಲ್ಲಿದೆ. ಕೆಲವರು 1859 ಅಂತ ಬರೆಯುತ್ತಾರೆ. ಆಶ್ರಮ ಶುರುವಾದದ್ದೇ 1890ರಲ್ಲಿ. ಆ ಇಸವಿಯನ್ನು ನಾನಂತೂ ನಂಬುವುದಿಲ್ಲ.

ಗಮನಿಸಿ, ಆ ಗ್ಯಾಸು ಹೋದದ್ದು ಒಲೆಗಲ್ಲ, ಎಂಜಿನ್ನಿಗೆ. ಆಮೇಲೆ ನಮ್ಮ ದೇಶದಲ್ಲಿ ಕತೆ ಬೇರೆ ದಾರಿ ಹಿಡಿಯಿತು. 1950ರ ದಶಕದಲ್ಲಿ ಜಶ್‌ಭಾಯಿ ಪಟೇಲರು ತೇಲುವ ಡ್ರಮ್ಮಿನ ಗೋಬರ್ ಗ್ಯಾಸ್ ಸ್ಥಾವರ ರೂಪಿಸಿದರು, 60ರ ದಶಕದಲ್ಲಿ ಖಾದಿ ಆಯೋಗ ಅದನ್ನು ಹಳ್ಳಿಗಳಿಗೆ ಒಯ್ದಿತು. ಗೋಬರ್ ಗ್ಯಾಸ್ ಅಂದರೆ ಅಡಿಗೆಮನೆ ಎಂದಾಯಿತು. ಅದೂ ಯಾರ ಅಡಿಗೆಮನೆ? ಮನೆಯಲ್ಲಿ ನಾಲ್ಕೈದು ದನ ಕಟ್ಟಿದವರದು. ಒಂದು ಎಮ್ಮೆ ಇದ್ದವಳಿಗೆ ಅಥವಾ ಏನೂ ಇಲ್ಲದವಳಿಗೆ ಅದೇ ಪುರಳೆ, ಅದೇ ಹೊಗೆ.

ಇದನ್ನು ಬದಲಿಸಲು ನೋಡಿದ ಒಂದು ಪ್ರಯತ್ನ ನಮ್ಮ ಕರ್ನಾಟಕದಲ್ಲೇ ನಡೆಯಿತು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಊರಿನಲ್ಲಿ. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪವಾಯಿತು ಅಂತ ನಾವು ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವಲ್ಲ, ಅದೇ ಸಾಲಿನಲ್ಲಿ ಪುರದ ಹೆಸರೂ ಬರಬೇಕು ಅನ್ನುವುದು ನನ್ನ ಹಟ.

ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಈಗಿನವರು ಐಐಎಸ್‌ಸಿ ಅನ್ನುತ್ತಾರೆ) ಅಮೂಲ್ಯ ಕೆ. ಎನ್. ರೆಡ್ಡಿ ಅಂತ ಪ್ರೊಫೆಸರ್ ಇದ್ದರು. ವಿದ್ಯುತ್ ರಸಾಯನಶಾಸ್ತ್ರದಲ್ಲಿ ದೊಡ್ಡ ಹೆಸರು. ಬೋಕ್ರಿಸ್ ಜೊತೆ ಅವರು ಬರೆದ ಪಠ್ಯಪುಸ್ತಕ ಜಗತ್ತಿನಲ್ಲೆಲ್ಲ ಓದಿದ್ದು. ಅಂಥವರು 1974ರಲ್ಲಿ ಕೆಲವು ಸಹೋದ್ಯೋಗಿಗಳನ್ನು ಸೇರಿಸಿಕೊಂಡು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಎಂಬ ಘಟಕ ಕಟ್ಟಿದರು. ಅಸ್ತ್ರ ಒಲೆ ನೆನಪಿದೆಯಾ? ಅದೇ ಅಸ್ತ್ರ. ಕುಣಿಗಲ್ ಹತ್ತಿರದ ಉಂಗ್ರದಲ್ಲಿ ಕೇಂದ್ರ ಮಾಡಿಕೊಂಡು, ಸುತ್ತಲಿನ ಆರು ಹಳ್ಳಿಗಳಲ್ಲಿ ಯಾರು ಎಷ್ಟು ಸೌದೆ ಸುಡುತ್ತಾರೆ, ಯಾರು ಎಷ್ಟು ದೂರ ನೀರು ಹೊರುತ್ತಾರೆ ಅಂತ ಮನೆಮನೆ ಲೆಕ್ಕ ಬರೆದರು. ಮನುಷ್ಯರ ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೆಂಗಸರದು ಅಂತ ಲೆಕ್ಕ ಹೇಳಿತು. ಹೆಂಗಸರಿಗೆ ಇದು ಹೊಸ ಸುದ್ದಿಯೇನಲ್ಲ, ಬಿಡಿ.

ಪುರದಲ್ಲಿ ಮೊದಲು ಮಾಡಿದ್ದು ಊರಿಗೆಲ್ಲ ಸೇರಿದ ಅಡಿಗೆ ಗ್ಯಾಸಿನ ಸ್ಥಾವರವೇ. ಅದು ಸೋತಿತು. ಊರಿನ ಸಗಣಿಯೆಲ್ಲ ತಂದು ಸುರಿದರೂ ಎಲ್ಲ ಮನೆಗೂ ಎರಡು ಹೊತ್ತಿನ ಅಡಿಗೆಗೆ ಆಗುವಷ್ಟು ಗ್ಯಾಸು ಬರಲಿಲ್ಲ. ಅರ್ಧ ಅಡಿಗೆ ಗ್ಯಾಸಿನಲ್ಲಿ, ಅರ್ಧ ಸೌದೆಯಲ್ಲಿ ಮಾಡುವ ಭಾಗ್ಯಕ್ಕೆ ಯಾರು ಸಗಣಿ ಹೊರುತ್ತಾರೆ? ಸೌದೆಗೆ ದುಡ್ಡು ಕೊಡಬೇಕಾಗಿರಲಿಲ್ಲ, ಮೈ ಬಗ್ಗಿಸಿದರೆ ಸಿಗುತ್ತಿತ್ತು. ಊರಿನವರಿಗೆ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಬೇಸರ ಬೇಡ. ಒಂದು ಘನ ಮೀಟರ್ ಗ್ಯಾಸಿಗೆ 25ರಿಂದ 30 ಕಿಲೋ ಹಸಿ ಸಗಣಿ ಬೇಕು. ಐದು ಜನರ ಸಂಸಾರದ ದಿನದ ಅಡಿಗೆಗೆ ಒಂದೂಕಾಲು ಘನ ಮೀಟರಾದರೂ ಬೇಕು. ಮೇಯಲು ಹೋಗುವ ಹಳ್ಳಿಯ ದನದ ಸಗಣಿ ಕೈಗೆ ಸಿಗುವುದು ದಿನಕ್ಕೆ ಏಳೆಂಟು ಕಿಲೋ. ಅಂದರೆ ಮನೆಗೆ ನಾಲ್ಕೈದು ದನ! ಆದರೆ ಅದೇ ಒಂದೂಕಾಲು ಘನ ಮೀಟರನ್ನು ಎಂಜಿನ್ನಿಗೆ ಕೊಟ್ಟರೆ ಸುಮಾರು ಒಂದೂವರೆ ಯೂನಿಟ್ ಕರೆಂಟು. ಅದರಲ್ಲಿ ಹತ್ತು ಹನ್ನೆರಡು ಸಣ್ಣ ಟ್ಯೂಬ್‌ಲೈಟು ಸಂಜೆಯಿಂದ ಮಲಗುವವರೆಗೆ ಉರಿಯುತ್ತವೆ. ಒಬ್ಬರ ಮನೆಯ ಅಡಿಗೆಗೆ ಆಗುವ ಗ್ಯಾಸಿನಲ್ಲಿ ಹತ್ತು ಮನೆಗೆ ಬೆಳಕು. ಒಲೆಗೆ ಸಾಲದ ಸಗಣಿ ಬೆಳಕಿಗೂ ನೀರಿಗೂ ಸಾಕಾಗಿ ಮಿಗುತ್ತದೆ.

ಹೀಗೆ 1987ರಲ್ಲಿ ಪುರದಲ್ಲಿ ಸಗಣಿ ಕರೆಂಟು ಶುರುವಾಯಿತು. ದಿನಕ್ಕೆ ಒಂದೂಕಾಲು ಟನ್ ಸಗಣಿ ಹಿಡಿಯುವ ಸ್ಥಾವರ, ಐದು ಕಿಲೋವಾಟಿನ ಡೀಸೆಲ್ ಜನರೇಟರು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇರುವುದಿಲ್ಲವಲ್ಲ, ಹಾಗಾಗಿ ಗ್ಯಾಸಿಗೆ ಬೆಂಕಿ ಹತ್ತಿಸಲು ಚೂರು ಡೀಸೆಲ್ ಬೇಕೇ ಬೇಕು, ಉಳಿದದ್ದೆಲ್ಲ ಗ್ಯಾಸು. ಗ್ಯಾಸು ಕಡಿಮೆಯಾದ ದಿನ ಬರೀ ಡೀಸೆಲ್ಲಿನಲ್ಲೂ ಓಡುತ್ತದೆ. ಅದೇ ಕರೆಂಟಿನಲ್ಲಿ ಕೊಳವೆ ಬಾವಿಯ ನೀರು ಮೇಲಿನ ಟ್ಯಾಂಕಿಗೆ, ಅಲ್ಲಿಂದ ನಲ್ಲಿಗಳಿಗೆ. ಮನೆಗಳಿಗೆ 20 ವಾಟಿನ ಟ್ಯೂಬ್‌ಲೈಟು, ಒಂದಕ್ಕೆ ತಿಂಗಳಿಗೆ 10 ರೂಪಾಯಿ. ಮೊದಲೇ ಸರ್ಕಾರಿ ಕರೆಂಟು ಇದ್ದ ಮನೆಯವರೂ ಇದನ್ನು ಹಾಕಿಸಿಕೊಂಡರು, ಯಾಕೆಂದರೆ ಅದು ಸಂಜೆ ಹೊತ್ತು ಮಿಣುಕು ಹುಳದ ಹಾಗೆ ಉರಿಯುತ್ತಿತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಗಣಿಯ ಲೆಕ್ಕ. ತಂದ ಸಗಣಿಯನ್ನು ತೂಗಿ ಬರೆದುಕೊಳ್ಳುತ್ತಿದ್ದರು. ಗ್ಯಾಸು ಬಿಟ್ಟ ಮೇಲೆ ಉಳಿದ ಗೊಬ್ಬರವನ್ನು ಮರಳಿನ ಹಾಸಿನ ಮೇಲೆ ಸೋಸಿ, ತಂದ ತೂಕಕ್ಕೆ ತಕ್ಕಂತೆ ವಾಪಸು. ಅದರ ಮೇಲೆ, ತಂದುಕೊಟ್ಟ ಕೂಲಿ ಅಂತ ಕಿಲೋಗೆ ಎರಡು ಪೈಸೆ. ತರುತ್ತಿದ್ದವರು ಹೆಚ್ಚಾಗಿ ಹೆಂಗಸರು, ಮಕ್ಕಳು. 20 ಕಿಲೋ ಹೊತ್ತರೆ ನಲವತ್ತು ಪೈಸೆ, ತಿಂಗಳಿಗೆ ಹನ್ನೆರಡು ರೂಪಾಯಿ. ಮನೆಯ ದೀಪದ ದುಡ್ಡು ಅಲ್ಲಿಗೆ ಹುಟ್ಟಿತು ನೋಡಿ. ಎಂಜಿನ್ ನೋಡಿಕೊಂಡವರು ಊರಿನ ಹುಡುಗರೇ. ಸಗಣಿ ಬರದಿದ್ದರೆ, ದುಡ್ಡು ಕಟ್ಟದಿದ್ದರೆ ಅವನೊಬ್ಬನ ಮನೆಯಲ್ಲ, ಊರೇ ಕತ್ತಲೆ, ಊರಿಗೇ ನೀರಿಲ್ಲ. ಊರೊಟ್ಟಿನ ಆಸ್ತಿ ಹಾಳಾಗಿಯೇ ತೀರುತ್ತದೆ ಎಂಬ ಪಂಡಿತರ ವಾದಕ್ಕೆ ರೆಡ್ಡಿಯವರು 1995ರಲ್ಲಿ ಪುರವನ್ನೇ ಉತ್ತರವಾಗಿ ಇಟ್ಟು ಲೇಖನ ಬರೆದರು.

ಹತ್ತು ವರ್ಷದ ಆಸುಪಾಸು ನಡೆದು ಅದು ನಿಂತಿತು. ರೆಡ್ಡಿಯವರು 2004ರಲ್ಲಿ, ತೀರಿಕೊಳ್ಳುವ ಎರಡು ವರ್ಷ ಮುಂಚೆ, ಪುರದ ಪಾಠಗಳು ಏನು ಅಂತ ಮತ್ತೆ ಬರೆದರು. ನನ್ನ ಬುದ್ಧಿಗೆ ತೋಚುವುದು ಇಷ್ಟು: ಡ್ರಮ್ಮು ತುಕ್ಕು ಹಿಡಿಯುವುದು, ಎಂಜಿನ್ ಕೆಡುವುದು ರಿಪೇರಿಯಾಗುವ ಕಾಯಿಲೆಗಳು. ಆದರೆ ಅಗ್ಗದ ಕರೆಂಟು ಪುಕ್ಕಟೆ ಕರೆಂಟಿನ ಎದುರು ನಿಲ್ಲಲಾರದು. ಭಾಗ್ಯಜ್ಯೋತಿ 1979ರ ಹೊತ್ತಿಗೇ ಬಂದಿತ್ತು, ಬಡವರ ಮನೆಗೆ ಒಂದು ಬಲ್ಬು ಉಚಿತ. 2023ರಲ್ಲಿ ಗೃಹಜ್ಯೋತಿಯೂ ಬಂತು. ಕರೆಂಟು ಬರುವುದು ತಪ್ಪು ಅನ್ನಲಿಕ್ಕೆ ಮುಂಬಯಿಯಲ್ಲಿ ಫ್ಯಾನಿನ ಕೆಳಗೆ ಕೂತಿರುವ ನಾನು ಯಾರು? ಆದರೆ ಸರ್ಕಾರಿ ಕರೆಂಟಿನ ಖರ್ಚನ್ನು ಸರ್ಕಾರ ಹೊತ್ತಿತು, ಪುರದ ಕರೆಂಟಿನ ಡೀಸೆಲ್ಲು, ಹುಡುಗರ ಸಂಬಳ ಊರಿನ ತಲೆಯ ಮೇಲೇ ಇತ್ತು. ಆ ಎರಡನ್ನು ಪಕ್ಕಪಕ್ಕ ಇಟ್ಟು ಸಗಣಿ ಕರೆಂಟು ಸೋತಿತು ಅನ್ನುವುದು ನ್ಯಾಯವಾ?

ಪುರದ ಟ್ಯೂಬ್‌ಲೈಟಿನ ಕೆಳಗೆ ಪಾಠ ಓದಿದ ಮಕ್ಕಳು ಈಗ ನಡುವಯಸ್ಸಿಗೆ ಬಂದಿರಬೇಕು. ಕುಣಿಗಲ್ ಕಡೆಯವರು, ಸಗಣಿ ಬುಟ್ಟಿ ಹೊತ್ತವರು ಯಾರಾದರೂ ಇದನ್ನು ಓದುತ್ತಿದ್ದರೆ ನಾಲ್ಕು ಸಾಲು ಬರೆಯಿರಿ.